ಕರಿ ಮರಿ, ಬೂದಿ ಮರಿ

"ಬೂದಿ ಬಣ್ಣದ್ದನ್ನ ತಗೋ ಅಣ್ಣ. ಮುಂದೆ ಕರಿ ಕುದುರೆ ಆಗೋದು ಅದೇ," ಎಂದಳು ತಂಗಿ ತಾಮು.

ಮಿಲೂದ್ ಲಾಯದ ಬಾಗಿಲಲ್ಲೇ ನಿಂತು ಎರಡೂ ಮರಿಗಳನ್ನು ನೋಡಿದ. ಒಂದು ಕಡುಗಪ್ಪು, ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ಇನ್ನೊಂದು ಒಲೆ ಬೂದಿಯಲ್ಲಿ ಹೊರಳಾಡಿ ಎದ್ದು ಬಂದಂತಿತ್ತು. ಎರಡೂ ಗಂಡು, ಒಂದೇ ವಾರದಲ್ಲಿ ಹುಟ್ಟಿದ್ದವು. ಎರಡಕ್ಕೂ ತಂದೆ, ತೀರಿಕೊಂಡ ಅಪ್ಪ ಏರುತ್ತಿದ್ದ ಕರಿ ಕುದುರೆ. ಅಪ್ಪನ ಆಸ್ತಿಯಲ್ಲಿ ಪಾಲಾಗದೆ ಉಳಿದದ್ದು ಇವಿಷ್ಟೇ. ತಾಯಿ ಸಮೇತ ಒಬ್ಬೊಬ್ಬರಿಗೆ ಒಂದೊಂದು ಮರಿ, ಮೊದಲ ಆಯ್ಕೆ ಅಣ್ಣನದು ಎಂದು ಹಿರಿಯರು ಹೇಳಿ ಕೈತೊಳೆದುಕೊಂಡಿದ್ದರು.

ಮಿಲೂದನಿಗೆ ಕರಿ ಕುದುರೆ ಬೇಕೇ ಬೇಕಿತ್ತು. ದುಕ್ಕಾಲ ಸೀಮೆಯ ಉರುಸಿನ ಬಯಲಲ್ಲಿ ಸಾಲಾಗಿ ಕುದುರೆ ಓಡಿಸಿ, ಎಲ್ಲರೂ ಒಂದೇ ಏಟಿಗೆ ಕೋವಿ ಹಾರಿಸುವ ಸವಾರರ ತಂಡಕ್ಕೆ ಅಪ್ಪನ ನಂತರ ಅವನೇ ಮುಂದಾಳು. ಅವರ ಕುಲದಲ್ಲಿ ಮುಂದಾಳಾದವನು ಕರಿ ಗಂಡು ಕುದುರೆಯನ್ನೇ ಏರಬೇಕು, ಬೇರೆ ಬಣ್ಣದ್ದನ್ನು ಏರಿದವನು ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು. ಅಪ್ಪನ ಕುದುರೆಗೆ ಆಗಲೇ ಮುಂಗಾಲು ಕುಂಟುತ್ತಿತ್ತು, ಇನ್ನು ಮೂರು ನಾಲ್ಕು ಉರುಸು ಎಳೆದರೆ ಹೆಚ್ಚು. ಅಷ್ಟರಲ್ಲಿ ಇನ್ನೊಂದು ಕರಿ ಕುದುರೆ ಬೆಳೆದು ನಿಲ್ಲದಿದ್ದರೆ ಮುಂದಾಳುತನ ಅದೇ ಕುಲದ ಹಾಜಿ ಅಲ್ಲಾಲನ ಮನೆಯ ಪಾಲು. ಆ ಮನೆಯಲ್ಲಿ ಸವಾರಿ ಬಲ್ಲ ಗಂಡುಮಕ್ಕಳಿಗೆ ಬರವಿರಲಿಲ್ಲ, ಕರಿ ಕುದುರೆಗೆ ಮಾತ್ರ ಇತ್ತು.

"ಬೂದಿ ಕರ್ರಗಾಗತ್ತೆ. ಹಾಗಾದ್ರೆ ಕರಿದು ಏನಾಗತ್ತೆ?" ಎಂದು ಮಿಲೂದ್ ಕೇಳಿದ.

"ಬೆಳ್ಳಗಾಗತ್ತೆ. ಅದರ ತಾಯಿನ ನೋಡು."

ತಾಯಿ ಬಾರ್ಲಿಯ ಬುಟ್ಟಿಗೆ ಮೂತಿ ಹಾಕಿ ನಿಂತಿತ್ತು. ಮೈಯೆಲ್ಲ ಅಚ್ಚ ಬಿಳುಪು.

"ಇವಳೂ ಹುಟ್ಟಿದಾಗ ಹೀಗೇ ಕರ್ರಗಿದ್ದಳು. ನೀನಾಗ ಕಾಸಾಬ್ಲಾಂಕಾದಲ್ಲಿದ್ದೆ, ನಾನು ನೋಡಿದೀನಿ. ಈ ನರೆಯೋ ಗುಣ ತಾಯಿಂದ ಬಂತು ಅಂದ್ರೆ ತಂದೆ ಎಷ್ಟು ಕಪ್ಪಿದ್ರೂ ಏನೂ ನಡೆಯಲ್ಲ. ಇಲ್ಲಿ ರೆಪ್ಪೆ ಹತ್ರ ನೋಡು, ಎರಡೋ ಮೂರೋ ಬಿಳಿ ಕೂದಲು. ಮರಿ ನರೆಯತ್ತೋ ಇಲ್ವೋ ಅಂತ ಅಪ್ಪ ಇದನ್ನೇ ನೋಡಿ ಹೇಳ್ತಿದ್ದಿದ್ದು. ಆ ಬೂದಿದಕ್ಕೆ ತಂದೆ ತಾಯಿ ಇಬ್ರೂ ಕಪ್ಪು. ಕರಿ ಕುದುರೆ ಎಷ್ಟೋ ಸಲ ಹುಟ್ಟೋದೇ ಇಲಿ ಬಣ್ಣದಲ್ಲಿ, ಅಣ್ಣ."

ಮಿಲೂದ್ ಬಗ್ಗಿ ನೋಡಿದ. ರೆಪ್ಪೆಯ ಮೇಲೆ ಹುಲ್ಲಿನ ಧೂಳು ಕೂತಿರುವಂತೆ ಕಂಡಿತು.

"ನನ್ನ ಕಿವಿಗೆ ಹೂವಿಡ್ತಿದೀಯಾ?"

"ನಂಬಿಕೆ ಇಲ್ಲದಿದ್ರೆ ಬಾಲದ ಕೂದಲು ಬುಡ ಸಮೇತ ಕಿತ್ತು ರಬಾತ್‌ಗೆ ಕಳಿಸು. ವಂಶವಾಹಿ ಪರೀಕ್ಷೆ ಮಾಡಿ ಹೇಳ್ತಾರೆ. ಅಲ್ಲೀವರೆಗೆ ಎರಡೂ ಇಲ್ಲೇ ಇರಲಿ."

ಇಲ್ಲೇ ಇರಲಿ! ಮಿಲೂದ್ ಒಳಗೊಳಗೇ ನಕ್ಕ. ಆ ಮೆತ್ತನೆಯ ದನಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಚಳಿಗಾಲದಲ್ಲಿ ಜಮೀನು ಪಾಲಾಗುವಾಗ, "ಬಾವಿ ಹೊಲ ನಿನಗೆ ಬೇಡ ತಾಮು, ನೀರು ಉಪ್ಪಾಗ್ತಿದೆ" ಎಂದು ಅವನೂ ಇದೇ ದನಿಯಲ್ಲಿ, ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದ. ಅವಳು ಎದುರು ಮಾತಾಡದೆ ಕಲ್ಲು ಹೊಲಕ್ಕೆ ಒಪ್ಪಿಕೊಂಡಿದ್ದಳು. ಬಾವಿಯ ನೀರು ಆಗಲೂ ಸಿಹಿ, ಈಗಲೂ ಸಿಹಿ. ಒಳ್ಳೆಯದನ್ನು ತಾವೇ ಇಟ್ಟುಕೊಳ್ಳಬೇಕೆನ್ನುವವರು ಹೇಗೆ ಮಾತಾಡುತ್ತಾರೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಕರಿ ಮರಿ ನನ್ನದು," ಎಂದ.

"ಅಣ್ಣ, ನಿನ್ನ ದಮ್ಮಯ್ಯ, ಇನ್ನೊಂದು ಸಲ ಯೋಚನೆ ಮಾಡು. ಅಪ್ಪ ನಿಂತ ಜಾಗದಲ್ಲಿ ಬೇರೆಯವರು ನಿಂತ್ರೆ ನನಗೂ ನೋಡೋಕಾಗಲ್ಲ." ತಾಮು ಅವನ ತೋಳು ಹಿಡಿದುಕೊಂಡಳು. ಅವಳು ತೋಳು ಹಿಡಿದದ್ದೇ, ಅವನಲ್ಲಿ ಉಳಿದಿದ್ದ ಚೂರುಪಾರು ಅಳುಕೂ ಹೋಯಿತು. ಬಿಳಿ ಕುದುರೆಯ ಹಗ್ಗ ಬಿಚ್ಚಿದ. ಕರಿ ಮರಿ ತಾಯಿಯ ಹಿಂದೆ ನೆಗೆಯುತ್ತ ಹೊರಟಿತು.

ಬೇಸಿಗೆ ಮುಗಿಯುತ್ತ ಬಂದಾಗ ಮರಿಯ ಎಳೆಗೂದಲು ಉದುರತೊಡಗಿತು. ಒಂದು ಬೆಳಿಗ್ಗೆ ಮಿಲೂದನ ಹೆಂಡತಿ, "ನಿಮ್ಮ ಮರಿಗೆ ಚಾಳೀಸು ಬಂದಿದೆ ನೋಡಿ" ಎಂದು ನಕ್ಕಳು. ಎರಡೂ ಕಣ್ಣಿನ ಸುತ್ತ ಬಿಳಿ ಉಂಗುರ ಮೂಡಿತ್ತು. ಮಿಲೂದ್ ಒದ್ದೆ ಬಟ್ಟೆ ತಂದು ಒರೆಸಿದ. ಹೋಗಲಿಲ್ಲ. ಸೋಪು ಹಾಕಿ ಉಜ್ಜಿದ. ಇನ್ನಷ್ಟು ಚೆನ್ನಾಗಿ ಕಂಡಿತು. ಹಣೆಗೂ ನರೆ ಹತ್ತಿದ ಮೇಲೆ ಮರ್ಯಾದೆ ಬದಿಗಿಟ್ಟು ತಂಗಿಯ ಮನೆಗೆ ಹೋದ.

ತಾಮು ಅಂಗಳದಲ್ಲಿ ಮರಿಯ ಮೈ ಉಜ್ಜುತ್ತಿದ್ದಳು. ನೆಲದ ಮೇಲೆ ಬೂದಿ ಕೂದಲಿನ ರಾಶಿ ಬಿದ್ದಿತ್ತು. ಒಳಗಿನಿಂದ ಹೊರಬಂದ ಮೈ ಅಪ್ಪನ ಕುದುರೆಯದೇ, ಅದೇ ಕಪ್ಪು.

"ಅದಲು ಬದಲು ಮಾಡ್ಕೊಳ್ಳೋಣ ತಾಮು. ಬಾವಿ ಹೊಲಾನೂ ಕೊಡ್ತೀನಿ."

"ಅದರ ನೀರು ಉಪ್ಪಲ್ವಾ ಅಣ್ಣ?"

ಅವಳು ಕೊಂಕಾಡುತ್ತಿರಲಿಲ್ಲ, ನಿಜಕ್ಕೂ ಕೇಳುತ್ತಿದ್ದಳು.

"ಸಿಹಿ," ಎಂದ.

ತಾಮು ಉಜ್ಜುವುದನ್ನು ನಿಲ್ಲಿಸಿ ಅಣ್ಣನ ಮುಖ ನೋಡಿದಳು. ಆಮೇಲೆ ಬ್ರಷ್ಷಿಗೆ ಸಿಕ್ಕಿಕೊಂಡಿದ್ದ ಕೂದಲನ್ನು ಬಿಡಿಸತೊಡಗಿದಳು.

"ಈ ಮರಿ ಈಗ ನನ್ನದಲ್ಲ. ಕಲ್ಲು ಹೊಲದಲ್ಲಿ ಏನೂ ಬೆಳೆಯಲ್ಲ, ಮಾರಬೇಕಾಯ್ತು. ಹಾಲು ಬಿಡಿಸಿದ ಮೇಲೆ ಹಾಜಿ ಅಲ್ಲಾಲ್ ಬಂದು ಕರ್ಕೊಂಡು ಹೋಗ್ತಾರೆ, ದೊಡ್ಡ ಮಗನಿಗೆ ಅಂತ. ನೀನು ಕರಿ ಮರಿ ಕರ್ಕೊಂಡು ಹೋದ ಮಾರನೇ ದಿನವೇ ಬಂದು, ಈ ಬೂದಿ ಮರಿ ಮುಂದೆ ಯಾವ ಬಣ್ಣ ಆಗತ್ತೆ ಮಗಳೇ ಅಂತ ಕೇಳಿದ್ರು. ನಿನಗೆ ಹೇಳಿದ್ದನ್ನೇ ಅವರಿಗೂ ಹೇಳಿದೆ."

ಕೈಯಲ್ಲಿದ್ದ ಬೂದಿ ಕೂದಲನ್ನು ಅವಳು ಗಾಳಿಗೆ ಬಿಟ್ಟಳು.

"ಅವರು ನಂಬಿದ್ರು."