ಮೀನುಗಾರ್ತಿಯರ ಸಂಘ ಎದ್ದು ನಡೆದದ್ದು

ಕಡಲು ವರ್ಷಕ್ಕಿಷ್ಟು ಊರೊಳಗೆ ಬರುತ್ತಿದ್ದ ಕಾಲದಲ್ಲಿ, ಹೊಳೆಬಾಯಿಯಲ್ಲೊಂದು ಮೀನುಗಾರ್ತಿಯರ ಸಂಘವಿತ್ತಂತೆ. ಆಗಿನ ಎಲ್ಲ ಸಂಘ-ಸಂಸ್ಥೆಗಳ ಹಾಗೆ ಅದಕ್ಕೂ ಜೀವವಿತ್ತು. ದಡ ಸರಿದಾಗಲೆಲ್ಲ ಅದು ತನ್ನ ಮಂಜುಗಡ್ಡೆ ಕೋಣೆಯನ್ನು ಹೊತ್ತುಕೊಂಡು ಹೊಸ ದಡಕ್ಕೆ ನಡೆದುಹೋಗುತ್ತಿತ್ತು.

ಒಂದು ಸಲ ಮಾತ್ರ, ದಡ ಸರಿದರೂ ಅದು ಏಳಲೇ ಇಲ್ಲ. ಹೊಸ ದಡದಲ್ಲಿ ಬುಟ್ಟಿ ತುಂಬ ಬಂಗುಡೆ ಇಟ್ಟುಕೊಂಡು ಕಾಯುತ್ತಿದ್ದ ಹೆಂಗಸರಿಗೆ, ಬಿಸಿಲೇರುವ ಮೊದಲೇ ಸಂಘವನ್ನು ಕರೆತರುತ್ತೇನೆಂದು ಹೊಸ ಕಾರ್ಯದರ್ಶಿ ಮಂಕಾಳಿ ಮಾತು ಕೊಟ್ಟಿದ್ದಳು. ತಡವಾದರೆ ಅಷ್ಟೂ ಮೀನು ಕೊಳೆಯುತ್ತದೆ.

"ಏಳೇ ತಾಯೇ, ನನ್ನ ಮರ್ಯಾದೆ ಉಳ್ಸೆ," ಎಂದು ಅವಳು ಸಂಘದ ಗೋಡೆ ತಟ್ಟಿ ಅಂಗಲಾಚಿದಳು.

ಹಳೇ ಸದಸ್ಯೆ ಗುಲಾಬಕ್ಕ ಕಟ್ಟಡಕ್ಕೊಂದು ಸುತ್ತು ಹಾಕಿ ಬಂದು, "ಕಿಟಕಿ ಎಲ್ಲ ಎಂತಕ್ಕೆ ಹಾಕಿದ್ಯೆ?" ಎಂದಳು.

"ದಾರೀಲಿ ಧೂಳು ಬರ್ತದಲ, ಅದ್ಕೆ."

"ಮೂಗು ಮುಚ್ಕಂಡು ಹೋಗು ಅಂದ್ರೆ ನಿಂಗೆ ಮೀನ್‌ಪೇಟೆ ಸಿಗ್ತದನೆ, ಮಾರಾಯ್ತಿ?"

ಮಂಕಾಳಿ ಒಳಗೆ ಓಡಿಹೋಗಿ ಕಿಟಕಿಗಳನ್ನೆಲ್ಲ ತೆರೆದಳು. ಉಪ್ಪುಗಾಳಿ ಒಳನುಗ್ಗಿತು, ಅದರ ಜೊತೆ ದೂರದ ಬಂಗುಡೆಯ ವಾಸನೆ, ಹೆಂಗಸರ ಗದ್ದಲ. ಗೋಡೆಗಳು ಎದೆಯುಬ್ಬಿಸಿದವು. ಹೆಂಚುಗಳು ಹಕ್ಕಿಯ ಗರಿಗಳಂತೆ ನಿಮಿರಿದವು. ಅಡಿಪಾಯ ಮಣ್ಣಿನಿಂದ ಕಾಲು ಕಿತ್ತುಕೊಂಡು, ಇಡೀ ಸಂಘ ಆನೆಯ ಹಾಗೆ ಮೆಲ್ಲಗೆ ಎದ್ದು ನಿಂತಿತು. ಮಂಕಾಳಿ ಕಿಟಕಿಯ ಕಂಬಿ ಹಿಡಿದುಕೊಂಡು ಹೊರಗೆ ಬಗ್ಗಿ ನೋಡಿದಳು. ಅಷ್ಟು ಕೆಳಗೆ ಹೊಳೆ, ಉಪ್ಪುನೀರಲ್ಲಿ ಬೇರು ಬಿಟ್ಟ ಕಾಂಡ್ಲಾವನ, ಬೆಳ್ಳಕ್ಕಿಗಳ ಹಿಂಡು ಒಂದೊಂದಾಗಿ ಹಿಂದೆ ಸರಿದವು.

ಬಿಸಿಲು ಇನ್ನೂ ಎಳೆಯದಾಗಿರುವಾಗಲೇ ಸಂಘ ಹೊಸ ಮರಳಿನ ಮೇಲೆ ಮೊಣಕಾಲೂರಿ ಕೂತಿತು. ಮಂಕಾಳಿ ಬಾಗಿಲು ತೆರೆದಳು. ಮೊದಲ ಬುಟ್ಟಿ ಮಂಜುಗಡ್ಡೆಯ ಮೇಲೆ ಇಳಿಯಿತು.