ಕುಂಕುಮ ಮೆತ್ತಿದ ಎಂಜಿನ್ನು

ಯಾವುದಾದರೂ ಶೆಡ್ಡಿನಿಂದ ಸೀಮೆಎಣ್ಣೆಯ ವಾಸನೆ ಬಂದರೆ ಇವತ್ತಿಗೂ ಪೀಣ್ಯದ ರಸ್ತೆಯಲ್ಲಿ ನನ್ನ ಕಾಲು ನಿಂತುಬಿಡುತ್ತದೆ.

ನಾನು ಚಿಕ್ಕವನಿದ್ದಾಗಿನ ಒಂದು ಆಯುಧಪೂಜೆ. ಅಪ್ಪನ ಲೇತ್ ಮಷೀನು ಬಾಯಿ ಮುಚ್ಚಿಕೊಂಡಿರುತ್ತಿದ್ದುದು ವರ್ಷದಲ್ಲಿ ಅದೊಂದೇ ದಿನ. ಮಾರನೆಯ ದಿನದಿಂದ ಅವರು ಮತ್ತೆ ನಾನು ಏಳುವ ಮೊದಲೇ ಹೋಗಿ, ಮಲಗಿದ ಮೇಲೆ ಬರುವವರು. ಆ ಮಧ್ಯಾಹ್ನವಾದರೂ ಅವರು ನನ್ನ ಪಕ್ಕ ಕೂರಲಿ ಎಂಬುದು ನನ್ನ ಆಸೆ. ಶೆಡ್ಡಿನ ಪೂಜೆ ಮುಗಿಸಿ ಮನೆಗೆ ಬಂದವನೇ ಕುಂಕುಮ ಕಲಸಿ ನನ್ನ ಆಟದ ರೈಲಿನ ಚಕ್ರಗಳಿಗೆ ದಪ್ಪಗೆ ಮೆತ್ತಿದೆ. ಹಳಿಯ ಕರೆಂಟು ಸರಿಯಾಗಿ ಸಿಗದೆ ಎಂಜಿನ್ನು ಕುಂಟತೊಡಗಿತು. ನನ್ನಂಥ ಕಿಲಾಡಿ ಇಡೀ ಪೀಣ್ಯದಲ್ಲಿ ಇರಲಿಲ್ಲ, ಬಿಡಿ.

"ಅಪ್ಪಾ, ಕುಂಟ್ತಾ ಐತೆ ನೋಡು."

ಅಪ್ಪ ಲುಂಗಿ ಎತ್ತಿಕಟ್ಟಿ ನೆಲದ ಮೇಲೆ ಕೂತರು. ಚಕ್ರವನ್ನು ತಿರುಗಿಸಿದರು, ಕೆಂಪಾದ ಬೆರಳನ್ನು ಒಮ್ಮೆ ನೋಡಿ ಲುಂಗಿಗೆ ಒರೆಸಿಕೊಂಡರು.

"ಮೋಟ್ರು ಇರ್ಬೇಕು ಕಣೋ. ಬಿಚ್ಚಣ."

ಮೋಟರು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದೆವು. ಆಮೇಲೆ ಗೇರು ಬಿಚ್ಚಿದೆವು, ವೈರು ಬದಲಾಯಿಸಿದೆವು. ಒಂದೊಂದು ಸ್ಕ್ರೂವನ್ನೂ ನನ್ನ ಅಂಗೈಗೆ ಹಾಕುತ್ತಾ ಅದರ ಕೆಲಸವೇನೆಂದು ಹೇಳಿದರು. ಬಿಸಿಲು ಗೋಡೆ ಹತ್ತಿ ಮಾಯವಾದರೂ ಅಪ್ಪ ಚಕ್ರದ ಸುದ್ದಿಗೇ ಹೋಗಲಿಲ್ಲ. ಪೆದ್ದು ಅಪ್ಪ ಸಿಕ್ಕಿಬಿದ್ದ ಎಂದು ಒಳಗೊಳಗೇ ನಕ್ಕೆ.

ಪುಳಿಯೋಗರೆ ತಂದಿಟ್ಟ ಅಮ್ಮ ಕೇಳಿದಳು, "ಶೆಡ್ಡಿನ ಗೇಟಲ್ಲೇ ನಿಂತು ಸದ್ದು ಕೇಳಿ ಲೇತಿನ ರೋಗ ಹೇಳೋರಿಗೆ ಇದಕ್ಕೆ ಇಷ್ಟೊತ್ತು ಬೇಕೇನ್ರೀ?"

"ಸುಮ್ನಿರೇ, ಇದು ಕಷ್ಟದ ಕೇಸು," ಎಂದ ಅಪ್ಪ ನನ್ನ ಹತ್ತಿರಕ್ಕೆ ಸರಿದರು. "ಇನ್ನೊಂದ್ಸಲ ಮೊದ್ಲಿಂದ ಬಿಚ್ಚಣ್ವಾ ಮಗಾ?"