ಮಧ್ಯಾಹ್ನದ ನಿದ್ದೆ

ಬಾಗಿಲ ಕ್ಯಾಮೆರಾಗೆಂದು ಗಂಡ ಟಿವಿ ಪಕ್ಕ ಅಂಗೈಯಗಲದ ಲಿನಕ್ಸ್ ಕಂಪ್ಯೂಟರ್ ಇಟ್ಟಿದ್ದ. ಅದಕ್ಕೆ ಸಿಗಿಸಿದ್ದ ಪೆನ್‌ಡ್ರೈವ್‌ನಲ್ಲಿ ಮಧ್ಯಾಹ್ನದ ರೆಕಾರ್ಡಿಂಗ್ ಮಾತ್ರ ಇರುತ್ತಿರಲಿಲ್ಲ. ಅವಳ ಪಾಲಿಗೆ ಅದು ದೇವರ ದಯೆ. ಅತ್ತೆ ಮಲಗಿದ ಮೇಲೆ ಡ್ರೈವಿಂಗ್ ಸ್ಕೂಲಿನ ಕಾರು ಗೇಟಿಗೆ ಬರುತ್ತಿತ್ತು. ‘ನಿನಗ್ಯಾಕೆ ಕಾರು?’ ಎಂದು ಗಂಡ ಆ ಮಾತನ್ನು ಎಂದೋ ಮುಗಿಸಿದ್ದ.

ರೆಕಾರ್ಡಿಂಗ್ ಯಾಕೆ ತಪ್ಪುತ್ತಿದೆಯೆಂದು ಅವನು ಅಡಾಪ್ಟರ್ ಬದಲಿಸಿದ, ಹೊಸ ಪೆನ್‌ಡ್ರೈವ್ ತಂದ. ಈ ಭಾನುವಾರ ಅವನು ಕಂಪ್ಯೂಟರಿನಲ್ಲಿ ನಡೆದದ್ದೆಲ್ಲ ದಾಖಲಾಗುವ ಲಾಗ್ ತೆರೆದು ಕೂತ.

“ಕರೆಂಟ್ ಸಾಲದಿದ್ರೆ ಇದ್ರಲ್ಲಿ ತೋರಿಸ್ತಿತ್ತು. ಯಾರೋ ದಿನಾ ಪೆನ್‌ಡ್ರೈವ್ ಕೀಳ್ತಿದಾರೆ. ನೀನಾ?”

“ನಾನು ಅದನ್ನ ಮುಟ್ಟೇ ಇಲ್ಲರೀ.” ನಿಜವನ್ನೇ ಹೇಳಿದರೂ ಅವಳು ಅವನ ಮುಖ ನೋಡಲಿಲ್ಲ.

ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಅಂದರು, “ನಾನೇ ಕಣೋ. ಅದರ ದೀಪ ಮಿಣಮಿಣ ಅಂತಿದ್ರೆ ನಂಗೆ ನಿದ್ದೆ ಹತ್ತಲ್ಲ. ಎದ್ದ ಮೇಲೆ ಮತ್ತೆ ಸಿಗಿಸ್ತೀನಲ್ಲ.”

“ನಿನ್ನ ನಿದ್ದೆಗೋಸ್ಕರ ನಾನು ಇಷ್ಟು ದಿನ ತಲೆ ಕೆಡಿಸ್ಕೊಂಡ್ನಲ್ಲಮ್ಮ,” ಎಂದು ಗೊಣಗುತ್ತ ಅವನು ಸ್ನಾನಕ್ಕೆ ಹೋದ.

ಬಚ್ಚಲ ಬಾಗಿಲು ಹಾಕಿಕೊಂಡ ಸದ್ದಾಯಿತು. ಅತ್ತೆ ತಲೆ ಎತ್ತದೆ ಕೇಳಿದರು, “ರಿವರ್ಸ್ ತಗೊಳ್ಳೋಕೆ ಬಂತೇನೇ?”